ನಾಲ್ಕನೇ ಕಟ್ಟೆ ಕಾಯುತ್ತಿದೆ

ನೆಲಕ್ಕೆ ಕಿವಿ ಬಂದರೆ ಅದು ಏನೇನನ್ನು ಕೇಳಿಸಿಕೊಂಡೀತು? ಪುಣೆಯಲ್ಲಿ ಕುಳಿತು ಅಂಥ ನೆಲವನ್ನು ಕಂಡುಹಿಡಿದವರು ಈ ಪ್ರಶ್ನೆಗೆ ಬಹಳ ತಲೆ ಕೆಡಿಸಿಕೊಂಡಿರಲಿಲ್ಲ. ಹೆಜ್ಜೆಗಳನ್ನು ಕೇಳಿಸಿಕೊಳ್ಳುತ್ತದೆ, ಮನುಷ್ಯರನ್ನು ಎಣಿಸುತ್ತದೆ, ಯಾರೂ ಲಾರಿಯ ಕೆಳಗೆ ಬೀಳದ ಹಾಗೆ ನೋಡಿಕೊಳ್ಳುತ್ತದೆ, ಇನ್ನೇನು ಬೇಕು ಎಂದುಕೊಂಡಿದ್ದರು. ಅದೇ ನೆಲ ಹುಬ್ಬಳ್ಳಿಗೆ ಬಂದು, ಅಲ್ಲಿಯ ಹಮಾಲರ ಕಾಲಡಿಗೆ ಹಾಸಿಕೊಂಡು, ಅವರ ಮಾತಿಗೂ ಕಿವಿಗೊಟ್ಟ ಮೇಲೆ ಕಾಯುವುದನ್ನು ಕಲಿತುಬಿಟ್ಟಿತು. ಇದನ್ನು ಯಾವ ಎಂಜಿನಿಯರು ತಾನೆ ಮೊದಲೇ ಊಹಿಸಿಯಾನು?

ಬೈಪಾಸ್ ರಸ್ತೆಯ ಬದಿಗೆ ಆ ಗೋದಾಮು. ಹತ್ತಿ ಅಂಡಿಗೆ, ಬ್ಯಾಡಗಿ ಮೆಣಸಿನಕಾಯಿ ಚೀಲ, ಬಿತ್ತನೆ ಬೀಜ, ಎಲ್ಲ ಅಲ್ಲಿಗೆ ಬಂದು ಅಲ್ಲಿಂದ ಹೋಗುತ್ತಿದ್ದವು. ಮಧ್ಯಾಹ್ನದ ಬಿಸಿಲು ಶಟರುಗಳ ಸಂದಿನಿಂದ ಒಳಗೆ ಇಳಿದಾಗ ಗಾಳಿಯಲ್ಲಿ ಮೆಣಸಿನ ಕೆಂಪು ಧೂಳು ತೇಲುವುದು ಕಾಣಿಸುತ್ತಿತ್ತು. ಹೊಸಬರು ಸೀನುತ್ತಿದ್ದರು, ಹಳಬರಿಗೆ ಅದು ಮನೆಯ ವಾಸನೆ. ಲಾರಿಗಳು ಹಿಂದಕ್ಕೆ ಸರಿದು ಬಂದು ಆನಿಕೊಳ್ಳುವ ಎತ್ತರದ ಜಾಗಕ್ಕೆ ಕಂಪನಿಯವರು ಲೋಡಿಂಗ್ ಡಾಕ್ ಎನ್ನುತ್ತಿದ್ದರು. ಹಮಾಲರ ಬಾಯಲ್ಲಿ ಅದು ಕಟ್ಟಿ. ಒಂದನೇ ಕಟ್ಟಿ, ಎರಡನೇ ಕಟ್ಟಿ, ಹೀಗೆ.

ಕಟ್ಟೆಯ ಕೆಲಸದಲ್ಲಿ ಜೀವ ತೆಗೆಯುವುದು ಭಾರವಲ್ಲ, ಸಂದು. ಲಾರಿಗೂ ಕಟ್ಟೆಗೂ ನಡುವೆ ಒಂದು ಗೇಣು ಜಾಗ ಇರುತ್ತದೆ. ಅದರ ಮೇಲೆ ಕಬ್ಬಿಣದ ಹಲಗೆ ಹಾಸಿ ಹಮಾಲರು ಹೋಗಿಬಂದು ಮಾಡುತ್ತಾರೆ. ಒಳಗೆ ಇನ್ನೂ ಒಬ್ಬನಿದ್ದಾನೆ ಎಂಬುದು ಗೊತ್ತಿಲ್ಲದೆ ಡ್ರೈವರ್ ಗಾಡಿ ಎತ್ತಿದನೆಂದರೆ ಹಲಗೆ ಜಾರುತ್ತದೆ, ಆ ಗೇಣು ಜಾಗ ಬಾಯಿ ತೆರೆಯುತ್ತದೆ. ಹಿಂದಿನ ಕಾಲದಲ್ಲಿ ಗಾಲಿಗೆ ಕಲ್ಲು ಕೊಟ್ಟು, ದೇವರ ಮೇಲೆ ಭಾರ ಹಾಕುತ್ತಿದ್ದರು. ಹೊಸ ಗೋದಾಮಿನಲ್ಲಿ ಕಲ್ಲಿನ ಬದಲು ಒಂದು ಉಕ್ಕಿನ ಕೊಕ್ಕೆ ಬಂತು. ಲಾರಿ ಬಂದು ಆನಿಕೊಂಡ ಕೂಡಲೇ ಅದು ಕೆಳಗಿನಿಂದ ಎದ್ದು ಲಾರಿಯ ಹಿಂದಿನ ಕಂಬಿಯನ್ನು ಹಿಡಿಯುತ್ತಿತ್ತು. ಒಳಗೆ ಹೋದವರೆಲ್ಲ ಹೊರಗೆ ಬಂದರೆಂದು ಗೊತ್ತಾದ ಮೇಲೆಯೇ ಬಿಡುತ್ತಿತ್ತು. ಆವರೆಗೆ ಡ್ರೈವರನ ಕಣ್ಣೆದುರು ಕೆಂಪು ದೀಪ.

ಗೊತ್ತಾಗುವುದು ಹೇಗೆ? ಅದಕ್ಕೇ ಆ ನೆಲ. ಕಾಂಕ್ರೀಟಿನೊಳಗೆ ಕೂದಲಿಗಿಂತ ತೆಳುವಾದ ಗಾಜಿನ ಎಳೆಗಳನ್ನು ಹರಡಿದ್ದರು. ಕಾಲಿಟ್ಟಲ್ಲಿ ಎಳೆ ನಡುಗುತ್ತದೆ, ಎಳೆಯೊಳಗಿನ ಬೆಳಕು ಅಲುಗುತ್ತದೆ, ಆ ಅಲುಗಾಟದಿಂದ ನೆಲಕ್ಕೆ ಇದು ಇಂಥವನ ನಡಿಗೆ ಎಂದು ತಿಳಿಯುತ್ತದೆ. ಸಹಿ ಬೇರೆ ಬೇರೆ ಇರುವಂತೆ ನಡಿಗೆಯೂ ಬೇರೆ ಬೇರೆ. ಆದರೆ ಹಮಾಲರು ಒಬ್ಬೊಬ್ಬರಾಗಿ ನಡೆಯುವವರಲ್ಲ, ಹೆಗಲ ಮೇಲೆ ಚೀಲ ಹೊತ್ತು ಗುಂಪಾಗಿ ಓಡುವವರು. ನೆಲಕ್ಕೆ ಗೊಂದಲವಾಗಬಾರದೆಂದು ಪುಣೆಯಿಂದ ಬಂದ ಎಂಜಿನಿಯರ್ ಮೃಣಾಲಿನಿ ಇನ್ನೊಂದು ಸಾಕ್ಷಿ ಸೇರಿಸಿದಳು. ಕೆಲಸ ಮುಗಿಸಿ ಹೊರಡುವವರು ಗೋಡೆಯ ಮೈಕಿಗೆ ಕೇಳುವಂತೆ ‘ಹೋಗ್ತೇನಿ’ ಎಂದು ಒಂದು ಮಾತು ಹೇಳಬೇಕು.

ಒಬ್ಬ ಹಮಾಲನೂ ಹೇಳಲಿಲ್ಲ. ಅವಳು ನಯವಾಗಿ ಕೇಳಿಕೊಂಡಳು, ಮೇಲ್ವಿಚಾರಕ ದಾವಲಸಾಬ ಮುಲ್ಲಾ ಗದರಿಸಿ ಹೇಳಿದರು, ಊಹೂಂ. ಕೊನೆಗೆ ಅವರಲ್ಲೇ ಹಿರಿಯನೊಬ್ಬ ಬಾಯಿಬಿಟ್ಟ. “ದುಡಿಯೂ ಜಾಗಾದಾಗ ನಿಂತು ಹೋಗ್ತೇನಿ ಅನ್ನಾಕ ಆಕ್ಕೈತೇನ್ರಿ ಬಾಯಾರ? ಮನ್ಯಾಗ ಹೆಣ್ಮಕ್ಕಳು ಬಾಗಲ್ದಾಗ ನಿಂತಿರ್ತಾರ.”

ಹಾಗಾಗಿ ಎಲ್ಲರೂ ಹುಟ್ಟಿದಾಗಿನಿಂದ ಹೇಳುತ್ತ ಬಂದದ್ದನ್ನೇ ಹೇಳಿದರು, ‘ಬರ್ತೇನಿ’. ಮೃಣಾಲಿನಿ ಆಗಲಿ ಎಂದು ಅದನ್ನೇ ಒಪ್ಪಿಕೊಂಡಳು. ಪುಣೆಯ ತನ್ನ ಮನೆಯಿಂದ ಹೊರಡುವಾಗ ತಾನೂ ತಾಯಿಗೆ ‘ಯೇತೆ’ ಎಂದೇ ಹೇಳುತ್ತೇನೆ, ಅದಕ್ಕೂ ಅರ್ಥ ಬರುತ್ತೇನೆ ಎಂದೇ, ಎಂಬುದು ಅವಳಿಗೆ ಆಗ ಹೊಳೆಯಲೇ ಇಲ್ಲ. ನೆಲ ಮಾತ್ರ ಆ ಮಾತನ್ನು ಇದ್ದಂತೆಯೇ ನಂಬಿತು. ಹೊರಡುವವರೆಲ್ಲ ಬರುತ್ತೇನೆ ಎನ್ನುತ್ತಿದ್ದಾರೆ, ಸರಿ, ಬರುತ್ತಾರೆ, ಅವರ ಜಾಗ ಹಾಗೇ ಇರಲಿ. ಮರುದಿನ ಅವರು ಬರುತ್ತಲೂ ಇದ್ದರು. ಹೀಗೆ ನೆಲದ ನಂಬಿಕೆ ದಿನೇ ದಿನೇ ಗಟ್ಟಿಯಾಯಿತು.

ಆ ಹಮಾಲರಲ್ಲೊಬ್ಬ ಫಕ್ಕೀರಪ್ಪ. ಅವನು ಹೋದದ್ದು ನಾಲ್ಕನೇ ಕಟ್ಟೆಯಿಂದ. ಬೀಜದ ಲಾರಿಯೊಂದು ಗದಗಿಗೆ ಹೊರಟಿತ್ತು, ಅಲ್ಲಿ ಇಳಿಸಲು ಆಳಿಲ್ಲವೆಂದು ಅವನನ್ನೂ ಜೊತೆಗೆ ಕಳಿಸಿದರು. ಅವನು ಹಲಗೆ ದಾಟಿ ಲಾರಿಯೊಳಗೆ ಹೋಗಿ, ಚೀಲಗಳ ಮೇಲೆ ಕೂತು, ಅಲ್ಲಿಂದಲೇ ‘ಬರ್ತೇನಿ’ ಎಂದು ಕೂಗಿದ. ಒಳಗೆ ಮನುಷ್ಯನಿದ್ದಾನೆ ಎಂದು ಕೊಕ್ಕೆ ಬಿಡಲಿಲ್ಲ. ಅಂಥ ಸಂದರ್ಭಕ್ಕೆಂದು ಗೋಡೆಯಲ್ಲಿ ಒಂದು ಕೈಕೀಲಿ ಇತ್ತು. ಮೇಲಿನ ಗಾಜಿನ ಕೋಣೆಯಲ್ಲಿ ಕುಳಿತವರು ಮೈಕಿನಲ್ಲಿ ‘ಬಿಡ್ರಿ’ ಎಂದರೆ ದಾವಲಸಾಬರು ಕೀಲಿ ತಿರುವಿ ಕೊಕ್ಕೆ ಬಿಡಿಸಬಹುದು. ಅಂದು ‘ಬಿಡ್ರಿ’ ಎಂದವಳು ಫಕ್ಕೀರಪ್ಪನ ಹೆಂಡತಿ ನೀಲವ್ವ. ಅದು ಅವಳ ದಿನನಿತ್ಯದ ಕೆಲಸ. ಅಣ್ಣಿಗೇರಿಯ ಹತ್ತಿರ ಆ ಲಾರಿ ಮಗುಚಿಬಿತ್ತು. ಆಸ್ಪತ್ರೆಯಲ್ಲಿ ಅವನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಅಲ್ಲಿಗೆ ನೆಲದ ಪಾಲಿಗೆ ಫಕ್ಕೀರಪ್ಪ ನಾಲ್ಕನೇ ಕಟ್ಟೆಯ ಹಲಗೆ ದಾಟಿ ಒಳಗೆ ಹೋದವನು, ಬರುತ್ತೇನೆ ಎಂದವನು, ಇನ್ನೂ ಬಾರದವನು. ಅಂದಿನಿಂದ ನಾಲ್ಕನೆಯದಕ್ಕೆ ಯಾವ ಲಾರಿ ಬಂದು ಆನಿಕೊಂಡರೂ ಕೊಕ್ಕೆ ಬಿಡುತ್ತಿರಲಿಲ್ಲ. ನೀಲವ್ವನ ಪರದೆಯ ಮೇಲೆ ‘ಒಳಗೆ ಒಬ್ಬರು: ಫಕ್ಕೀರಪ್ಪ’ ಎಂದು ಬರುತ್ತಿತ್ತು. ಪ್ರತಿ ಸಲವೂ ಅವಳು ‘ಬಿಡ್ರಿ’ ಎನ್ನಬೇಕು, ದಾವಲಸಾಬರು ಕೀಲಿ ತಿರುವಬೇಕು. ಮೊದಮೊದಲು ಎಲ್ಲರಿಗೂ ಮೈ ಜುಂ ಎನ್ನುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಎಂಥದಕ್ಕೂ ಅಭ್ಯಾಸವಾಗುವ ಗುಣವೊಂದು ಮನುಷ್ಯನಿಗಿದೆ, ಅದು ಒಳ್ಳೆಯದೋ ಕೆಟ್ಟದ್ದೋ ಹೇಳುವುದು ಕಷ್ಟ.

ಫಕ್ಕೀರಪ್ಪ ಬಂದ. ಕೃತಕ ಕಾಲು ಹಾಕಿಸಿಕೊಂಡು, ನಡೆಯುವುದನ್ನು ಹೊಸದಾಗಿ ಕಲಿತು, ಚೀಲ ಹೊರುವ ಬದಲು ಲಾರಿಗಳ ಬಾಗಿಲಿಗೆ ಸೀಲು ಹಾಕುವ ಕೆಲಸಕ್ಕೆ ವಾಪಸು ಬಂದ. ನೆಲಕ್ಕೆ ಅವನ ಗುರುತು ಸಿಗಲಿಲ್ಲ. ಗುರುತು ಸಿಗದವರು ಕಟ್ಟೆಯ ಮೇಲೆ ಓಡಾಡಬೇಕಾದರೆ ಕೊರಳಿಗೆ ‘ಅತಿಥಿ’ ಎಂಬ ಹಳದಿ ಬಿಲ್ಲೆ ಹಾಕಿಕೊಳ್ಳಬೇಕು. ಆ ಬಿಲ್ಲೆ ಎಲ್ಲಿದೆ ಎಂಬುದು ನೆಲಕ್ಕೆ ತಿಳಿಯುತ್ತದೆ, ಆದರೆ ಬಿಲ್ಲೆ ಹಾಕಿದವರು ಹಲಗೆ ದಾಟುವಂತಿಲ್ಲ. ವರ್ಷಗಟ್ಟಲೆ ದುಡಿದ ಕಟ್ಟೆಯ ಮೇಲೆ ಫಕ್ಕೀರಪ್ಪ ಬಿಲ್ಲೆ ಕಟ್ಟಿಕೊಂಡು ನಿಂತ. ಹಮಾಲರು ಪ್ರೀತಿಯಿಂದಲೇ ಛೇಡಿಸುತ್ತಿದ್ದರು. ಬೀಗರು ಬಂದ್ರು, ಬೀಗರಿಗೆ ಚಾ ತರ್ರಿ, ಬೀಗರು ಬಿಸಲಾಗ ನಿಲ್ಲಬಾರ್ದು. ಅವನೂ ನಗುತ್ತಿದ್ದ. ನಗುವುದು ಬಿಟ್ಟು ಬೇರೆ ದಾರಿಯಿರಲಿಲ್ಲ.

ಹೊಸ ನಡಿಗೆಯನ್ನು ನೆಲಕ್ಕೆ ಕಲಿಸಬಹುದಿತ್ತು. ಆದರೆ ಒಂದು ಹೆಸರಿಗೆ ಒಂದೇ ನಡಿಗೆ. ಹಳೆಯದನ್ನು ಬಿಟ್ಟರೆ ಮಾತ್ರ ಹೊಸದು. ಪ್ರತಿದಿನ ಬೆಳಿಗ್ಗೆ ಪರದೆ ನೀಲವ್ವನನ್ನು ಕೇಳುತ್ತಿತ್ತು, ‘ಫಕ್ಕೀರಪ್ಪ ಇನ್ನು ಬರುವುದಿಲ್ಲವೇ?’ ಕೆಳಗೆ ಎರಡು ಚೌಕ. ಒಂದರಲ್ಲಿ ‘ಹೌದು, ಬರುವುದಿಲ್ಲ’, ಇನ್ನೊಂದರಲ್ಲಿ ‘ಬರುತ್ತಾರೆ’. ನೀಲವ್ವ ಪ್ರತಿದಿನವೂ ‘ಬರುತ್ತಾರೆ’ ಒತ್ತುತ್ತಿದ್ದಳು.

ಕಾರಣ ಕೇಳಿದರೆ ಅವಳು ನಾಚಿಕೆಯಿಂದ ಸತ್ತೇಹೋಗುತ್ತಿದ್ದಳು. ಆ ಗೋದಾಮಿನ ನೆಲಕ್ಕೆ ಒಂದು ವಿಚಿತ್ರ ಗುಣವಿತ್ತು. ಬಹಳ ದಿನ ಕೇಳದ ನಡಿಗೆ ಮರೆತುಹೋಗಬಾರದೆಂದು, ಕಟ್ಟೆಯ ಮೇಲೆ ಓಡಾಟವಿಲ್ಲದ ಹೊತ್ತಿನಲ್ಲಿ ಅದು ತಾನು ಕಾಯುತ್ತಿರುವವರ ಹೆಜ್ಜೆಗಳನ್ನು ತನ್ನೊಳಗೇ ಮತ್ತೆ ಮತ್ತೆ ನಡೆಸಿ ನೋಡುತ್ತಿತ್ತು. ಮೃಣಾಲಿನಿ ಇದಕ್ಕೆ ಮರುಪಾಠ ಎನ್ನುತ್ತಿದ್ದಳು. ಕಟ್ಟಿ ಕನಸ ಕಾಣಾಕತ್ತೈತಿ ಎನ್ನುತ್ತಿದ್ದರು ಹಮಾಲರು.

ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ಕುಳಿತಾಗ ಶಟರುಗಳು ಇಳಿಯುತ್ತಿದ್ದವು. ಗೋದಾಮು ತಂಪಾಗಿ, ಅರೆಗತ್ತಲಾಗಿ, ಹೊಟ್ಟೆ ತುಂಬಿದ ದನದಂತೆ ಸುಮ್ಮನೆ ಉಸಿರಾಡುತ್ತಿತ್ತು. ಆಗ ಗಾಜಿನ ಕೋಣೆಯಲ್ಲಿ ನೀಲವ್ವ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಬ್ಬಳೇ ಕೂರುತ್ತಿದ್ದಳು. ಪರದೆಯ ಮೇಲೆ ನಾಲ್ಕನೇ ಕಟ್ಟೆಯ ಅಂಚಿನಲ್ಲಿ ಒಂದು ತೆಳು ನೀಲಿ ಚುಕ್ಕೆ ಮೂಡಿ ನಡೆಯತೊಡಗುತ್ತಿತ್ತು. ಜೊತೆಗೆ ಹೆಜ್ಜೆಯ ಸದ್ದು. ಬಲಗಾಲು ಊರಿ, ಎಡಗಾಲು ಊರುವ ಮೊದಲು ಒಂದು ಕ್ಷಣ ತಡೆದು, ನೆಲವನ್ನು ಕೇಳಿ ಇಟ್ಟಂತೆ ಇಡುವ ಹೆಜ್ಜೆ. ಹೆಣ್ಣು ನೋಡಲು ಬಂದ ದಿನ ಒಳಮನೆಯಲ್ಲಿದ್ದ ಅವಳು ಅವನ ಮುಖ ನೋಡುವ ಮೊದಲು ಆ ಹೆಜ್ಜೆ ಕೇಳಿದ್ದಳು. ಮುಖ ಹೇಗೇ ಇರಲಿ, ಇವನನ್ನೇ ಮಾಡಿಕೊಳ್ಳುತ್ತೇನೆ ಎಂದು ಅಲ್ಲೇ ಮನಸ್ಸು ಮಾಡಿದ್ದಳು. ಈಗ ಆ ನಡಿಗೆ ಲೋಕದಲ್ಲಿ ಉಳಿದಿದ್ದುದು ಈ ಕಾಂಕ್ರೀಟಿನೊಳಗೆ ಮಾತ್ರ. ಆ ಗಳಿಗೆಯಲ್ಲಿ ಅವಳು ಎಚ್ಚರವಾಗಿಯೂ ಇರುತ್ತಿರಲಿಲ್ಲ, ನಿದ್ದೆಯಲ್ಲೂ ಇರುತ್ತಿರಲಿಲ್ಲ. ನೆಲ ಕನಸು ಕಾಣುತ್ತಿತ್ತು, ಆ ಕನಸಿನೊಳಗೆ ಇವಳು ಸೇರಿಕೊಂಡಿರುತ್ತಿದ್ದಳು.

ಅದನ್ನು ಬೇರೆ ಕಡೆ ತೆಗೆದಿಡಲು ಬರುತ್ತದೆಯೇ ಎಂದು ಒಮ್ಮೆ ಮೃಣಾಲಿನಿಯನ್ನು ಕೇಳಿದ್ದಳು, ಯಾರದೋ ವಿಷಯ ಎನ್ನುವಂತೆ. ಬರುವುದಿಲ್ಲ ಎಂದಿದ್ದಳು ಅವಳು. ಹಿಟ್ಟಿಗೆ ಬೆರೆತ ಉಪ್ಪಿನಂತೆ ಅದು ನೆಲದ ಕಲಿಕೆಯಲ್ಲೆಲ್ಲ ಬೆರೆತಿರುತ್ತದೆ, ಬೇರೆ ಮಾಡಿ ತಟ್ಟೆಗೆ ಹಾಕಲಾಗುವುದಿಲ್ಲ. ‘ಹೌದು’ ಎಂದು ಒತ್ತಿದರೆ ನೆಲ ಮತ್ತೆ ಅದನ್ನು ನೆನೆಯುವುದಿಲ್ಲ, ತಾನಾಗಿ ಮಾಸುತ್ತದೆ. ನೀಲವ್ವ ಮೊಬೈಲಿನಲ್ಲಿ ಆ ಸದ್ದನ್ನು ಹಿಡಿದೂ ನೋಡಿದ್ದಳು. ಮನೆಗೆ ಹೋಗಿ ಕೇಳಿದರೆ ಬರೀ ಬಡಿತ ಕೇಳಿಸಿತು, ಮನುಷ್ಯ ಕೇಳಿಸಲಿಲ್ಲ.

ಅವರ ಮನೆ ಹಳೇ ಹುಬ್ಬಳ್ಳಿಯಲ್ಲಿ, ಮಾಳಿಗೆಯ ಮೇಲಿನ ಎರಡು ಕೋಣೆ. ಹೊರಗಿನಿಂದ ಕಬ್ಬಿಣದ ಪಾವಟಿಗೆ ಹತ್ತಿ ಹೋಗಬೇಕು. ಸಂಜೆ ನೀಲವ್ವ ಮೊದಲು ಬಂದು ಒಲೆ ಹಚ್ಚುತ್ತಿದ್ದಳು, ಫಕ್ಕೀರಪ್ಪ ಬಸ್ಸಿಳಿದು ನಿಧಾನವಾಗಿ ಬರುತ್ತಿದ್ದ. ಪಾವಟಿಗೆಯ ಮೇಲೆ ಅವನ ಕೃತಕ ಕಾಲು ಟಕ್ ಎಂದು ಬಿದ್ದು, ಒಳ್ಳೆಯ ಕಾಲು ಧಪ್ ಎಂದು ಊರುತ್ತಿತ್ತು. ಟಕ್, ಧಪ್. ತಿರುವಿನಲ್ಲಿ ಕೈಕಂಬಿ ಹಿಡಿದು ಒಂದು ಗಳಿಗೆ ನಿಂತು ಮತ್ತೆ ಟಕ್, ಧಪ್. ಆ ಸದ್ದು ಕೇಳಿದರೂ ನೀಲವ್ವ ತಲೆಯೆತ್ತುತ್ತಿರಲಿಲ್ಲ. ರೊಟ್ಟಿ ಬಡಿಯುವ ಕೈ ಇನ್ನಷ್ಟು ಜೋರಾಗುತ್ತಿತ್ತು. ಅವನು ಒಳಗೆ ಬಂದು ಚೊಂಬಿನ ನೀರು ಕುಡಿದು, ಕಾಲು ಬಿಚ್ಚಿ ಗೋಡೆಗೆ ಆನಿಸಿ, ಅವಳಿಗೆ ಕಾಣದ ಹಾಗೆ ಮೇಲೆ ಟವಲು ಹೊದಿಸುತ್ತಿದ್ದ. ಒಬ್ಬರಿಗೊಬ್ಬರು ಬಹಳ ಮರ್ಯಾದೆಯಿಂದ ನಡೆದುಕೊಳ್ಳುತ್ತಿದ್ದರು. ಗಂಡ ಹೆಂಡಿರ ನಡುವೆ ಅಷ್ಟು ಮರ್ಯಾದೆ ಒಳ್ಳೆಯ ಲಕ್ಷಣವಲ್ಲ.

ದೀಪಾವಳಿ ಹತ್ತಿರ ಬಂತು. ವಿಮೆಯವರು ತಪಾಸಣೆಗೆ ಬರುತ್ತಾರೆ, ನೆಲಕ್ಕೆ ಗುರುತಿಲ್ಲದ ಯಾರೂ ಕಾಯಂ ಆಗಿ ಕಟ್ಟೆಯ ಮೇಲೆ ಇರಕೂಡದು ಎಂದು ಮೇಲಿನಿಂದ ಆಜ್ಞೆಯಾಯಿತು. ಹಬ್ಬದೊಳಗೆ ನೆಲ ಫಕ್ಕೀರಪ್ಪನನ್ನು ಗುರುತಿಸದಿದ್ದರೆ ಅವನ ಕೆಲಸ ಹೋಗುತ್ತದೆ. ದಾವಲಸಾಬರು ಇದನ್ನು ನೀಲವ್ವನಿಗೆ ಹೇಳುವಾಗ ಗಂಟಲು ಕೆರೆದುಕೊಂಡು ಕಿಟಕಿಯ ಹೊರಗೆ ನೋಡಿದರು. ಅವಳು ಆಗಲಿ ಎಂದಳು. ಮರುದಿನ ಪರದೆ ಕೇಳಿತು. ಬೆರಳು ‘ಹೌದು’ ಎಂಬ ಚೌಕದವರೆಗೂ ಹೋಯಿತು. ಮಧ್ಯಾಹ್ನದ ನೀಲಿ ಚುಕ್ಕೆ ನೆನಪಾಗಿ, ಇವತ್ತೊಂದು ದಿನ ಎಂದುಕೊಂಡು ಪಕ್ಕದ ಚೌಕ ಒತ್ತಿದಳು. ಅದರ ಮರುದಿನವೂ ಇವತ್ತೊಂದು ದಿನವೇ ಆಯಿತು.

ಫಕ್ಕೀರಪ್ಪನಿಗೆ ಯಂತ್ರದ ದೋಷ ಎಂದಷ್ಟೇ ಗೊತ್ತಿತ್ತು. ಒಂದು ಸಂಜೆ ಮೃಣಾಲಿನಿ ಚಹಾ ಕುಡಿಯುತ್ತ, ಅಷ್ಟೊಂದು ತಡವೇಕೆ, ನಿಮ್ಮ ಮನೆಯವರು ಒಂದು ಚೌಕ ಒತ್ತಿದರೆ ಆಯಿತಲ್ಲ ಎಂದು ಸಹಜವಾಗಿ ಅವನನ್ನೇ ಕೇಳಿಬಿಟ್ಟಳು.

ಅವತ್ತು ಪಾವಟಿಗೆಯ ತಿರುವಿನಲ್ಲಿ ಸದ್ದು ಬಹಳ ಹೊತ್ತು ನಿಂತಿತ್ತು. ಒಳಗೆ ಬಂದವನು ನೀರು ಕುಡಿಯಲಿಲ್ಲ.

“ನೀ ಒತ್ತಿಲ್ಲಂತಲ್ಲ ನೀಲಾ.”

ರೊಟ್ಟಿ ಬಡಿಯುವ ಸದ್ದು ನಿಂತಿತು.

“ಆಂವ ಇನ್ನಾ ಬರ್ತಾನಂತ ಕುಂತೀ ಏನ? ನಾ ಬಂದೇನಿ. ಇಲ್ಲೇ ನಿಂತೇನಿ ನೋಡು.”

ನೋಡು ಎಂದಾಗಲೂ ಅವಳು ನೋಡಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕಪ್ಪಗಾಗುವವರೆಗೂ ಅದನ್ನೇ ನೋಡುತ್ತ ಕೂತಳು. ಅವಳ ಎದೆಯಲ್ಲಿ ದುಃಖಕ್ಕಿಂತ ಹೆಚ್ಚಾಗಿ ಸಿಕ್ಕಿಬಿದ್ದವಳ ನಾಚಿಕೆಯಿತ್ತು. ಫಕ್ಕೀರಪ್ಪ ಆ ರಾತ್ರಿ ಕಾಲು ಬಿಚ್ಚಿದ ಮೇಲೆ ಅದಕ್ಕೆ ಟವಲು ಹೊದಿಸಲಿಲ್ಲ.

ಮರುದಿನ ಹಬ್ಬದ ಮುಂಚಿನ ಗಡಿಬಿಡಿ. ಎಲ್ಲ ಕಟ್ಟೆಗಳಿಗೂ ಲಾರಿಗಳು ಆನಿಕೊಂಡಿದ್ದವು. ನಾಲ್ಕನೆಯದರಲ್ಲಿ ಮೆಣಸಿನಕಾಯಿ ಹೇರುತ್ತಿದ್ದರು. ಅಮರಗೋಳದ ಮಾರುಕಟ್ಟೆಯಿಂದ ಹಬ್ಬದ ಮಟ್ಟಿಗೆ ಬಂದು, ಬೆಳಿಗ್ಗೆಯೇ ನೆಲಕ್ಕೆ ತಮ್ಮ ನಡಿಗೆ ಕಲಿಸಿದ್ದ ಹೊಸ ಹಮಾಲರು ಕೊರಳ ಬಿಲ್ಲೆ ನೋಡಿ, ಯಾರೋ ದೊಡ್ಡವರಿರಬೇಕೆಂದು ಫಕ್ಕೀರಪ್ಪನಿಗೆ ಕುರ್ಚಿ ತಂದು ಹಾಕಿದರು. ಹಳಬರ ಛೇಡಿಕೆ ತಡೆದುಕೊಂಡವನಿಗೆ ಹೊಸಬರ ಈ ಗೌರವ ತಡೆಯಲಾಗಲಿಲ್ಲ. ಅವನು ಬಿಲ್ಲೆಯನ್ನು ಕೊರಳಿಂದ ತೆಗೆದು ಆ ಕುರ್ಚಿಯ ಮೇಲಿಟ್ಟ. ಎಲ್ಲರೂ ಒಂದೇ ಉಸಿರಿಗೆ ಚೀಲ ಹೊರುತ್ತಿದ್ದ ಹೊತ್ತಿನಲ್ಲಿ, ಯಾರ ಗಮನಕ್ಕೂ ಬಾರದೆ, ಹಲಗೆಯ ಮೇಲೆ ಕಾಲಿಟ್ಟು ಲಾರಿಯೊಳಗೆ ನಡೆದ. ಒಂದು ಬದಿಗೆ ಚೀಲಗಳ ಗೋಡೆ, ಇನ್ನೊಂದು ಬದಿಗೆ ಮನುಷ್ಯ ಹಾದುಹೋಗುವಷ್ಟು ಓಣಿ. ಆ ಓಣಿಯ ಕೊನೆಯಲ್ಲಿ, ಕತ್ತಲಲ್ಲಿ, ಮೆಣಸಿನ ಘಾಟಿನಲ್ಲಿ ಹೋಗಿ ನಿಂತ. ಈ ನೆಲ ಹೆಂಡತಿಯನ್ನು ಕೇಳಿ ತನ್ನನ್ನು ಗುರುತಿಸುವುದು ಬೇಡ, ತಾನಾಗಿ ಗುರುತಿಸುತ್ತದೆಯೋ ಇಲ್ಲವೋ ನೋಡೋಣ ಎಂಬ ಹಟ ಅವನದು.

ನೆಲ ಗುರುತಿಸಲಿಲ್ಲ. ಒಂದು ಕಡೆ ಹಗುರ, ಒಂದು ಕಡೆ ಭಾರ ಬೀಳುವ ಆ ನಡಿಗೆಯನ್ನು ಅದು ಮನುಷ್ಯನದೆಂದೇ ತಿಳಿಯಲಿಲ್ಲ. ಗಾಲಿ ಸವೆದ ಕೈಗಾಡಿಯೆಂದು ತಿಳಿದು, ಪರದೆಯ ಮೂಲೆಯಲ್ಲಿ ‘ಕೈಗಾಡಿ’ ಎಂದು ತೋರಿಸಿ ಸುಮ್ಮನಾಯಿತು. ಕೈಗಾಡಿಗಳ ಲೆಕ್ಕವನ್ನು ಕೊಕ್ಕೆ ಇಡುವುದಿಲ್ಲ.

ಹೇರುವುದು ಮುಗಿಯಿತು. ಹಮಾಲರು ಮುಖ ಒರೆಸಿಕೊಳ್ಳುತ್ತ, ಬರ್ತೇನಿ ಬರ್ತೇನಿ ಎನ್ನುತ್ತ ಪಕ್ಕದ ಕಟ್ಟೆಗೆ ಸರಿದರು. ಪರದೆಯ ಮೇಲೆ ಎಂದಿನ ಸಾಲು ಬಂತು, ‘ಒಳಗೆ ಒಬ್ಬರು: ಫಕ್ಕೀರಪ್ಪ’. ಕೆಂಪು ದೀಪ ಆರಲಿಲ್ಲ. ಡ್ರೈವರ್ ಎಂಜಿನ್ ಚಾಲೂ ಮಾಡಿ ಕೊಕ್ಕೆ ಬಿಡುವುದನ್ನೇ ಕಾಯುತ್ತಿದ್ದ. ದಾವಲಸಾಬರು ಕೀಲಿ ಹಾಕಿ, ಮೇಲಿನ ಗಾಜಿನ ಕಡೆ ಕೈ ಎತ್ತಿದರು. ನಿತ್ಯದ ಹಾಗೆ ನೀಲವ್ವನ ಬೆರಳು ಮೈಕಿನ ಗುಂಡಿಗೆ ಹೋಯಿತು. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಅವಳ ಕಣ್ಣು ಉರಿಯುತ್ತಿತ್ತು. ‘ಬಿಡ್ರಿ’ ಎಂಬ ಮಾತು ಬಾಯಿಯವರೆಗೆ ಬಂದಿತ್ತು.

ಆಗ ಹೆಡ್‌ಫೋನಿನಲ್ಲಿ, ಎಂಜಿನ್ನಿನ ಗುರುಗುರು, ಪಕ್ಕದ ಕಟ್ಟೆಯ ಗದ್ದಲ ಎಲ್ಲದರ ಅಡಿಯಲ್ಲಿ, ಹಲಗೆಯ ಮೂಲಕ ನೆಲಕ್ಕೆ ಇಳಿದು, ಬಹಳ ದೂರದಿಂದ ಬಂದಂತೆ ಒಂದು ಸದ್ದು.

ಟಕ್, ಧಪ್.

ಅವಳ ಕೈ ಗುಂಡಿಯ ಮೇಲೆ ಹಾಗೇ ನಿಂತಿತು. ಒಂದು ಕ್ಷಣ ಅವಳಿಗೆ ತಾನು ಮನೆಯಲ್ಲಿ ಒಲೆಯ ಮುಂದಿದ್ದೇನೆ ಎನ್ನಿಸಿತು. ಈಗ ತಿರುವು ಬರುತ್ತದೆ, ಈಗ ಕೈಕಂಬಿ ಹಿಡಿಯುತ್ತಾನೆ, ಈಗ ಉಸಿರು ತಗೊಳ್ಳುತ್ತಾನೆ ಎಂದು ಮನಸ್ಸು ತಾನಾಗಿ ಹೇಳುತ್ತಾ ಹೋಯಿತು. ಸದ್ದು ನಿಂತಿತು, ಉಸಿರು ತಗೊಳ್ಳುವಷ್ಟು ಹೊತ್ತು. ಮತ್ತೆ ಬಂತು, ಈಗ ಹಲಗೆಗೆ ಇನ್ನಷ್ಟು ಹತ್ತಿರದಲ್ಲಿ. ಪರದೆಯ ಮೂಲೆಯಲ್ಲಿ ನೆಲ ಅದನ್ನು ಕೈಗಾಡಿ ಎನ್ನುತ್ತಿತ್ತು.

“ಕೀಲಿ ತಿರುವಬ್ಯಾಡ್ರಿ ಸಾಹೇಬ್ರ,” ಎಂದಳು ನೀಲವ್ವ. ತನ್ನ ದನಿ ಅಷ್ಟು ಸಮಾಧಾನವಾಗಿ ಬಂದದ್ದು ಅವಳಿಗೇ ಆಶ್ಚರ್ಯ. “ಒಳಗ ನಮ್ಮನಿಯವರು ಅದಾರ.”

ಕೆಳಗೆ ದಾವಲಸಾಬರು ನಕ್ಕರು. ಅದು ಮರುಕದ ನಗೆ. “ಕಟ್ಟಿ ದಿನಾ ಹಂಗ ಅಂತೈತೆವ್ವಾ.”

“ಕಟ್ಟಿ ಅಂದದ್ದಲ್ರಿ. ನಾ ಹೇಳಾಕತ್ತೇನಿ.”

ದಾವಲಸಾಬರ ಕೈ ಕೀಲಿಯಿಂದ ಹಿಂದೆ ಬಂತು. ಅಷ್ಟರಲ್ಲಿ ಲಾರಿಯ ಕತ್ತಲಿನಿಂದ ಫಕ್ಕೀರಪ್ಪ ಹಲಗೆಯ ಮೇಲೆ ಕಾಲಿಟ್ಟ. ಒಂದು ಕಾಲು ಲಾರಿಯಲ್ಲಿ, ಒಂದು ಕಾಲು ಹಲಗೆಯ ಮೇಲೆ, ಕಣ್ಣಲ್ಲಿ ಘಾಟಿನ ನೀರು. ಕೀಲಿ ತಿರುಗಿದ್ದರೆ ಕೊಕ್ಕೆ ಬಿಡುತ್ತಿತ್ತು, ಲಾರಿ ಮುಂದೆ ಸರಿಯುತ್ತಿತ್ತು, ಆ ಗೇಣು ಜಾಗ ಅವನ ಎರಡು ಕಾಲುಗಳ ನಡುವೆಯೇ ಬಾಯಿ ತೆರೆಯುತ್ತಿತ್ತು. ಅಲ್ಲಿದ್ದವರೆಲ್ಲರಿಗೂ ಅದು ಒಂದೇ ಸಲ ಅರ್ಥವಾಯಿತು. ದಾವಲಸಾಬರು ಓಡಿಹೋಗಿ ಡ್ರೈವರನ ಕೈಯಿಂದ ಎಂಜಿನ್ ಬಂದ್ ಮಾಡಿಸಿದರು. ಯಾರೋ ಫಕ್ಕೀರಪ್ಪನ ರಟ್ಟೆ ಹಿಡಿದು ಈಚೆಗೆ ಕರೆದುತಂದರು. ದಾವಲಸಾಬರು ಅವನನ್ನು ಬಾಯಿಗೆ ಬಂದಂತೆ ಬೈದರು, ಬೈಯುತ್ತಲೇ ಅವನ ಬೆನ್ನು ಸವರಿದರು. ಈ ಕೀಲಿಯನ್ನು ಇನ್ನು ಮುಂದೆ ಮುಟ್ಟುವವನಲ್ಲ ಎಂದು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡರು.

ಸ್ವಲ್ಪ ಹೊತ್ತಿನ ಮೇಲೆ ಫಕ್ಕೀರಪ್ಪ ಗಾಜಿನ ಕೋಣೆಗೆ ಹತ್ತಿ ಬಂದ. ನೀಲವ್ವ ಕುರ್ಚಿಯಲ್ಲೇ ಕೂತಿದ್ದಳು. ಒಳಗೆ ಹೋಗಿದ್ದು ಯಾಕೆ ಎಂದು ಅವಳು ಕೇಳಲಿಲ್ಲ, ಅವಳಿಗೆ ಗೊತ್ತಿತ್ತು.

“ಹೆಂಗ ಗೊತ್ತಾತು ನಿನಗ, ನಾನಂತ?” ಎಂದು ಅವನೇ ಕೇಳಿದ. “ಕಟ್ಟಿಗೇ ಗೊತ್ತಾಗಿಲ್ಲ.”

“ದಿನಾ ಪಾವಟಿಗಿ ಹತ್ತಿ ಬರೂದು ಕೇಳ್ತೇನಲ್ರಿ.”

“ನೀ ತಲಿ ಎತ್ತಿ ಸೈತ ನೋಡಂಗಿಲ್ಲ.”

“ನೋಡಂಗಿಲ್ಲ,” ಎಂದಳು ನೀಲವ್ವ. “ಕೇಳ್ತೇನಿ.”

ಹೇಳಿದ ಮೇಲೆ ಅದು ನಿಜವೆಂದು ಅವಳಿಗೆ ಗೊತ್ತಾಯಿತು. ಇಷ್ಟು ದಿನ ತನ್ನ ಕಿವಿಯಲ್ಲಿ ಇರುವುದು ಹಳೆಯ ನಡಿಗೆಯೊಂದೇ ಎಂದು ತಿಳಿದಿದ್ದಳು. ರೊಟ್ಟಿ ಬಡಿಯುತ್ತ, ಬೇಡ ಬೇಡ ಎನ್ನುತ್ತ, ದಿನವೂ ಅಷ್ಟಷ್ಟೇ ಹೊಸದನ್ನೂ ಕಲಿತಿದ್ದಳು. ಅವಳಿಗೆ ಅಳು ಬಂತು. ಸೆರಗಿನಿಂದ ಒರೆಸಿಕೊಳ್ಳದೆ ಹಾಗೇ ಅತ್ತಳು. ಅವನು ತಡೆಯಲಿಲ್ಲ.

ಆಮೇಲೆ ಹೆಡ್‌ಫೋನನ್ನು ತೆಗೆದು ಅವನ ಕೈಗೆ ಕೊಟ್ಟಳು. ಹೊರಗೆ ಊಟದ ಹೊತ್ತಾಗಿತ್ತು, ಶಟರುಗಳು ಇಳಿದಿದ್ದವು, ನೆಲ ತನ್ನ ಕನಸು ಶುರುಮಾಡಿತ್ತು. ಪರದೆಯ ಮೇಲೆ ನಾಲ್ಕನೇ ಕಟ್ಟೆಯ ಅಂಚಿನಲ್ಲಿ ನೀಲಿ ಚುಕ್ಕೆ ನಡೆಯುತ್ತಿತ್ತು. ಫಕ್ಕೀರಪ್ಪ ತನ್ನ ಹಳೆಯ ನಡಿಗೆಯನ್ನು ತಾನು ಎಂದೂ ಕೇಳಿರಲಿಲ್ಲ. ನಡೆಯುವವನಿಗೆ ತನ್ನ ಹೆಜ್ಜೆ ಎಲ್ಲಿ ಕೇಳಿಸುತ್ತದೆ? ಅವನು ಒಂದು ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು, ಉಸಿರು ಬಿಗಿಹಿಡಿದು, ಬೇರೆ ಯಾರದೋ ಹಾಡು ಕೇಳುವವನಂತೆ ಕೇಳಿದ. ಅವನ ಮುಖದಲ್ಲಿ ಹೊಟ್ಟೆಕಿಚ್ಚೂ ಇತ್ತು, ಮಮತೆಯೂ ಇತ್ತು.

“ಚಂದ ನಡೀತಿದ್ದ ಮಗ,” ಎಂದ.

ನೀಲವ್ವ ಅಳುವಿನ ನಡುವೆ ನಕ್ಕಳು. ಪರದೆಯ ಮೇಲೆ ಬೆಳಗಿನ ಪ್ರಶ್ನೆಯನ್ನು ಮತ್ತೆ ತೆಗೆದು ಅವನ ಕಡೆ ನೋಡಿದಳು. ನೀನೇ ಒತ್ತು ಎನ್ನುವಂತೆ ಅವನು ಗದ್ದ ಅಲುಗಿಸಿದ. ಅವಳು ಅವನ ಕೈ ಹಿಡಿದೆಳೆದು, ಅವನ ಬೆರಳ ಮೇಲೆ ತನ್ನ ಬೆರಳಿಟ್ಟು ‘ಹೌದು’ ಎಂಬ ಚೌಕವನ್ನು ಒತ್ತಿದಳು.

ಏನೂ ದೊಡ್ಡದಾಗಲಿಲ್ಲ. ನೀಲಿ ಚುಕ್ಕೆ ಇನ್ನೊಂದೆರಡು ಹೆಜ್ಜೆ ನಡೆಯಿತು. ನಡೆಯುತ್ತ ನಡೆಯುತ್ತ ತೆಳುವಾಯಿತು. ಹಲಗೆಯ ಹತ್ತಿರ ಬಂದು, ಬಿಸಿಲಲ್ಲಿ ನೀರಿನ ಕಲೆ ಆರಿದ ಹಾಗೆ ಆರಿಹೋಯಿತು. ಕೆಳಗೆ, ಬಹಳ ದಿನಗಳ ಮೇಲೆ, ನಾಲ್ಕನೇ ಕಟ್ಟೆಯ ಕೊಕ್ಕೆ ತಾನಾಗಿ ಬಿಟ್ಟುಕೊಂಡ ಸದ್ದು ಕೇಳಿಸಿತು. ಬುತ್ತಿ ಬಿಚ್ಚಿ ಕುಳಿತಿದ್ದ ಹಮಾಲರು ತುತ್ತು ಕೈಯಲ್ಲಿ ಹಿಡಿದು ಆ ಕಡೆ ತಿರುಗಿ ನೋಡಿದರು. ಹಸಿರು ದೀಪ ಹತ್ತಿತ್ತು. ಮೇಲೆ ಪರದೆ ಫಕ್ಕೀರಪ್ಪನ ಹೊಸ ನಡಿಗೆ ಕಲಿಸಿ ಎಂದು ಕೇಳುತ್ತಿತ್ತು.

ಎದೆ ಒಡೆಯುತ್ತದೆ ಎಂದುಕೊಂಡಿದ್ದಳು ನೀಲವ್ವ. ಒಡೆಯಲಿಲ್ಲ. ಪಕ್ಕದಲ್ಲಿ ನಿಂತವನು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಿದ ಸದ್ದು ಕೇಳಿತು. ಅವಳು ಪರದೆಯಿಂದ ಕಣ್ಣು ತೆಗೆದು ಅವನ ಕಾಲು ನೋಡಿದಳು, ಮೊದಲು ಬಲಗಾಲು, ಆಮೇಲೆ ಎಡಗಾಲು, ಎರಡನ್ನೂ ಸಾವಕಾಶವಾಗಿ.

“ಏನ ನೋಡಾಕತ್ತಿ?” ಎಂದ ಫಕ್ಕೀರಪ್ಪ. ಅವನಿಗೆ ಸಂಕೋಚವಾಗಿ ಎಡಗಾಲನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೋದ.

“ಹಂಗ ಇರ್ರಿ,” ಎಂದು ಅವಳು ಬಗ್ಗಿ ಕುಳಿತಳು. “ಬಲಗಾಲಿನ ಬೂಟು ಹೊರಗಿನ ಮಗ್ಗಲಾ ಪೂರಾ ಸವದೈತ್ರಿ. ಎಲ್ಲಾ ಭಾರ ಇದರ ಮ್ಯಾಲ ಹಾಕಿ ನಡದ್ರ ಇನ್ನೇನಾಕ್ಕೈತಿ. ಸಂಜೀಕ ಇಬ್ರೂ ಕೂಡಿ ದುರ್ಗದಬೈಲಿಗೆ ಹೋಗಿ ಬ್ಯಾರೆ ತಳಾ ಹಾಕಿಸ್ಕೊಂಡು ಬರೂಣು.”